ಬೀಗರೂಟದಲ್ಲಿ ಮದ್ಯ: ಬಡಿಸುವವನ ಹೊಣೆ

ಗೃಹಸ್ಥನಿಗೆ ಧರ್ಮಸಂದೇಹಗಳು ಯುದ್ಧಭೂಮಿಯಲ್ಲಿಯೇ ಹುಟ್ಟಬೇಕೆಂಬ ನಿಯಮವೇನೂ ಇಲ್ಲ. ಅಡಿಗೆಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಮದುವೆಯ ಖರ್ಚಿನ ಪಟ್ಟಿಯನ್ನು ಬರೆಯುವ ಹೊತ್ತಿನಲ್ಲಿಯೂ ಅವು ತಲೆಯೆತ್ತುತ್ತವೆ. ಅಂತಹ ಸಂದೇಹಗಳಿಗೆ ಗ್ರಂಥಗಳಲ್ಲಿ ದೊಡ್ಡ ಹೆಸರಿಲ್ಲದಿದ್ದರೂ ಮನೆಯ ನೆಮ್ಮದಿಯು ಅನೇಕ ವೇಳೆ ಅವುಗಳನ್ನೇ ಅವಲಂಬಿಸಿರುವುದು. ನಮ್ಮ ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ, ಚಿನ್ನದ ಗಣಿಯ ಪ್ರದೇಶಗಳ ಮದುವೆಮನೆಗಳಲ್ಲಿ ಈಗ ಪದೇಪದೇ ಕೇಳಿಬರುತ್ತಿರುವ ಅಂಥ ಒಂದು ಪ್ರಶ್ನೆಯನ್ನು ಈ ಲೇಖನದಲ್ಲಿ ಪರ್ಯಾಲೋಚಿಸಬೇಕೆಂದಿದ್ದೇನೆ. ಬೀಗರೂಟಕ್ಕೆ ಬಂದ ನೆಂಟರಿಷ್ಟರಿಗೆ ಮದ್ಯವನ್ನು ಕೊಡಬಹುದೆ, ಕೊಡಬಾರದೆ? ಪ್ರಶ್ನೆಯು ಇಷ್ಟೆ.

ಬೀಗರೂಟವೆಂದರೇನೆಂಬುದು ನಮ್ಮ ಕಡೆಯ ವಾಚಕರಿಗೆ ತಿಳಿದ ವಿಷಯವೇ. ಧಾರೆಯ ದಿನ ಛತ್ರದಲ್ಲಿ ಎಲ್ಲರಿಗೂ ಸಲ್ಲುವ ಸಸ್ಯಾಹಾರದ ಊಟವಾಗುತ್ತದೆ. ಆಮೇಲೆ, ಮಾಂಸಾಹಾರವುಳ್ಳ ಕುಲಗಳಲ್ಲಿ, ಒಂದು ದಿನವನ್ನು ಗೊತ್ತುಮಾಡಿ ಬೀಗರನ್ನೂ ಊರವರನ್ನೂ ಕರೆದು ಮುದ್ದೆ, ಸಾರು, ಬಿರಿಯಾನಿಗಳ ಔತಣವನ್ನು ಮಾಡುತ್ತಾರೆ. ಅಲ್ಲಿ ಪುರೋಹಿತರಿಲ್ಲ, ಮುಹೂರ್ತವಿಲ್ಲ, ಮಂತ್ರವಿಲ್ಲ. ಎರಡು ಮನೆಗಳ ಜನರು ನಿರಾಳವಾಗಿ ಕುಳಿತು ಒಬ್ಬರನ್ನೊಬ್ಬರು ಅರಿತುಕೊಳ್ಳುವ ಸಮಾರಂಭವದು. ಇಂಥ ಸಲಿಗೆಯ ಕೂಟದಲ್ಲಿಯೇ ಮದ್ಯದ ಮಾತು ಬರುವುದು.

ಇದು ಬೀಗರೂಟವನ್ನು ನಡೆಸುವ ಕುಲಗಳಿಗೆ ಮಾತ್ರ ಸೇರಿದ ಚಿಂತೆಯೆಂದು ಉಳಿದವರು ನಿಶ್ಚಿಂತರಾಗಿರಲಾಗದು. ಅಜ್ಜನ ಕಾಲದಲ್ಲಿ ಮದ್ಯದ ವಾಸನೆಯನ್ನೇ ಅರಿಯದಿದ್ದ ಮನೆಗಳ ಹುಡುಗರು ಇಂದು ಬೆಂಗಳೂರಿನ ಕಂಪೆನಿಗಳಲ್ಲಿ ಉದ್ಯೋಗಸ್ಥರಾಗಿ, ಆರತಕ್ಷತೆಯ ಹಿಂದಿನ ದಿನ ಸ್ನೇಹಿತರಿಗೆಂದು ಹೋಟೆಲಿನಲ್ಲಿ ಪ್ರತ್ಯೇಕವಾದ ಪಾನಗೋಷ್ಠಿಯನ್ನೇ ಏರ್ಪಡಿಸುತ್ತಾರೆ. ಅದರ ವೆಚ್ಚದ ಚೀಟಿಗೆ ರುಜು ಹಾಕುವವರು ವಿದ್ಯಾವಂತರಾದ ತಂದೆಗಳು. ಆದುದರಿಂದ ಈ ಪತ್ರಿಕೆಯನ್ನು ಓದುವ ಮನೆಗಳಿಗೇ ಇದು ಮೊದಲು ಸಂಬಂಧಪಟ್ಟ ವಿಚಾರವೆಂದು ಭಾವಿಸಿ ಬರೆಯುತ್ತಿದ್ದೇನೆ.

ಮದ್ಯಪಾನವು ಪಾಪವೇ ಅಲ್ಲವೇ ಎಂಬ ಹಳೆಯ ಚರ್ಚೆಯು ಇಲ್ಲಿ ಪ್ರಕೃತವಲ್ಲ. ಕುಡಿಯುವವನ ಧರ್ಮವೇ ಬೇರೆ, ಕೊಡುವವನ ಧರ್ಮವೇ ಬೇರೆ. ನಮ್ಮ ಜನರು ಮೊದಲನೆಯದನ್ನು ಕುರಿತು ಬೇಕಾದಷ್ಟು ಉಪದೇಶಗಳನ್ನು ಕೇಳಿದ್ದಾರೆ. ಎರಡನೆಯದನ್ನು ಕುರಿತು ವಿಚಾರ ನಡೆದಿರುವುದು ಬಹಳ ಕಡಮೆ. ಪಾಠಶಾಲೆಯಲ್ಲಿ ನಾವು ಕಲಿತ ಮೀಮಾಂಸೆಯ ಕ್ರಮವೊಂದುಂಟು: ಮೊದಲು ವಿಷಯವನ್ನು ಹೇಳಬೇಕು, ಬಳಿಕ ಸಂಶಯವನ್ನು, ಆಮೇಲೆ ಎದುರುಪಕ್ಷವನ್ನು ಅದರ ಪೂರ್ಣಬಲದೊಡನೆ, ಕೊನೆಗೆ ಸಿದ್ಧಾಂತವನ್ನು. ಎದುರುಪಕ್ಷವನ್ನು ದುರ್ಬಲಗೊಳಿಸಿ ಗೆಲ್ಲುವವನು ಗೆದ್ದಂತಾಗಲಿಲ್ಲ. ಆ ಕ್ರಮವನ್ನೇ ಇಲ್ಲಿಯೂ ಹಿಡಿಯುತ್ತೇನೆ.

ಸಂಶಯದ ಸ್ವರೂಪವು ಸ್ಪಷ್ಟವಾಗುವಂತೆ ನಾನು ಕಂಡ ಒಂದು ಸಂದರ್ಭವನ್ನು ಹೇಳುವುದು ಯುಕ್ತ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ದುಡಿದು ಬರುವವನು. ಹಿಂದೆ ಕುಡಿತಕ್ಕೆ ಬಿದ್ದು ಮನೆಯನ್ನು ಕಂಗೆಡಿಸಿ, ಆಮೇಲೆ ಬಹು ಕಷ್ಟದಿಂದ ಅದನ್ನು ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಅವನ ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯ ಹಿರಿಯರೊಬ್ಬರು ಮಾತಿನ ನಡುವೆ, ಕುಡಿಯುವುದಕ್ಕೆ ಏರ್ಪಾಡಿಲ್ಲದಿದ್ದರೆ ನಮ್ಮವರು ಪಂಕ್ತಿಗೇ ಕೂರುವುದಿಲ್ಲ ಎಂದು ನಗುನಗುತ್ತಲೇ ತಿಳಿಸಿದರಂತೆ. ಅವನು ನನ್ನ ಬಳಿಗೆ ಬಂದು, “ಮೇಷ್ಟ್ರೇ, ನಾನು ಬಿಟ್ಟಿದ್ದೀನಿ, ಸರಿ. ಆದರೆ ಹೆಣ್ಣು ಕೊಡೋ ಮನೆಯವನು ನಾನು. ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅಂದರೆ ನಾಳೆ ನನ್ನ ಮಗಳು ಆ ಮನೆಯಲ್ಲಿ ಮಾತು ಕೇಳಬೇಕಾಗುತ್ತಲ್ಲ?” ಎಂದನು. “ನಿನ್ನ ಹೆಂಡತಿ ಏನನ್ನುತ್ತಾಳಪ್ಪ?” ಎಂದು ಕೇಳಿದೆ. “ಅವಳು ಏನೂ ಅನ್ನಲಿಲ್ಲ. ಎದ್ದು ಒಳಕ್ಕೆ ಹೋದಳು” ಎಂದನು. ಈ ಪ್ರಶ್ನೆಯ ಭಾರವೆಷ್ಟೆಂಬುದು ಆ ಹೆಂಗಸಿನ ಮೌನದಲ್ಲಿಯೇ ಇತ್ತು.

ಇನ್ನು ಪೂರ್ವಪಕ್ಷ. ಕೊಡಬೇಕೆನ್ನುವವರ ವಾದಗಳು ಬಲವಾದುವೇ ಆಗಿವೆ. ಮೊದಲನೆಯದು ಆತಿಥ್ಯದ ವಾದ. ಅತಿಥಿಯನ್ನು ದೇವರೆಂದು ಕಾಣಬೇಕೆಂದು ಹೇಳಿದ ನಾಡಿನಲ್ಲಿ, ಬಂದವನಿಗೆ ಪ್ರಿಯವಾದುದನ್ನು ಕೊಡದೆ ನಮಗೆ ಪ್ರಿಯವಾದುದನ್ನು ಕೊಟ್ಟರೆ ಅದು ಯಾವ ಸತ್ಕಾರ?

ಎರಡನೆಯದು ಸಂಪ್ರದಾಯದ ವಾದ. ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಶಾಂಖಾಯನ ಗೃಹ್ಯಸೂತ್ರದ ವಿವಾಹಪ್ರಕರಣದಲ್ಲಿ ನಾಲ್ವರು ಅಥವಾ ಎಂಟು ಮಂದಿ ಸುಮಂಗಲಿಯರನ್ನು ಶಾಕ, ಸುರೆ, ಅನ್ನಗಳಿಂದ ತೃಪ್ತಿಪಡಿಸಿ, ಅವರಿಂದ ನರ್ತನ ಮಾಡಿಸುವ ವಿಧಿಯುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುಟುಂಬಸ್ಥರು ಗೃಹಕೃತ್ಯಗಳ ಕಾಲದಲ್ಲಿ ಒಂದು ಬಗೆಯ ಸುರೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಅನುಮತಿಯಿದೆ. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನಗಳ ವಿನಾಯಿತಿಯೂ ಇದೆ. ವಾಲ್ಮೀಕಿರಾಮಾಯಣದಲ್ಲಿ ಭರತನ ಸೇನೆಗೆ ಆತಿಥ್ಯವಿತ್ತ ಭರದ್ವಾಜಮುನಿಯು ತಪಸ್ಸಿನ ಬಲದಿಂದ ಮದ್ಯದ ಹೊಳೆಗಳನ್ನೇ ಹರಿಸಿದನು. ನಮ್ಮ ನಾಡಿನಲ್ಲಿಯೇ ಕೊಡಗಿನ ಕೊಡವರ ಮದುವೆಗಳಲ್ಲಿ ಮದ್ಯವು ಮರ್ಯಾದೆಯ ಸತ್ಕಾರವಾಗಿ ಬಹುಕಾಲದಿಂದ ನಡೆದು ಬಂದಿದೆ. ಹೀಗಿರಲು ಇದು ಪರದೇಶದಿಂದ ನಿನ್ನೆ ಬಂದ ದುರಭ್ಯಾಸವೆಂದು ಹೇಳುವುದು ಚರಿತ್ರೆಗೆ ವಿರುದ್ಧ.

ಮೂರನೆಯದು ಸ್ವಾತಂತ್ರ್ಯದ ವಾದ. ಬಂದವರು ಮಕ್ಕಳಲ್ಲ, ಪ್ರಾಯಕ್ಕೆ ಬಂದವರು, ತಮ್ಮ ಹಿತಾಹಿತವನ್ನು ಬಲ್ಲವರು. ಮನೆಯ ಯಜಮಾನನು ಬಂದವರಿಗೆಲ್ಲ ಪೋಷಕನೂ ಅಲ್ಲ, ಪೊಲೀಸಿನವನೂ ಅಲ್ಲ.

ನಾಲ್ಕನೆಯದು ಸ್ವಲ್ಪ ಕಟುವಾದುದು. ಕುಡಿಯುವವನು ನೀವು ಕೊಡದಿದ್ದರೂ ಕುಡಿಯುತ್ತಾನೆ. ಚಪ್ಪರದ ಹಿಂದೆಯೋ, ಕಾರಿನೊಳಗೋ, ರಸ್ತೆಯ ಅಂಗಡಿಯಲ್ಲಿಯೋ ಕುಡಿದು ಬರುತ್ತಾನೆ. ಇದು ಗೊತ್ತಿದ್ದೂ ಕೊಡೆನೆನ್ನುವುದು ನಿಮ್ಮ ಕೈ ಶುಚಿಯಾಗಿರಲಿ ಎಂಬ ಅಹಂಕಾರವೇ ಹೊರತು ಪರಹಿತವಲ್ಲ. ಅದರಲ್ಲಿ ದುಡಿಯುವ ಜನರ ಮೇಲಿನ ತಾತ್ಸಾರವೂ ಅಡಗಿದೆ.

ಈ ಕಡೆಯ ಮಾತಿಗೆ ನಮ್ಮ ಊರಿನ ಚರಿತ್ರೆಯೇ ಬೆಂಬಲವಾಗಿ ನಿಲ್ಲುತ್ತದೆ. ೧೮೮೦ನೆಯ ದಶಕದಿಂದ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಬೆಳೆದ ಚಿನ್ನದ ಗಣಿಯಲ್ಲಿ ದೊರೆಗಳಿಗೆ ಕ್ಲಬ್ಬು ಇತ್ತು. ಅಲ್ಲಿಯ ಪಾನವು ಸಭ್ಯತೆಯೆನಿಸಿತು. ಚಾಂಪಿಯನ್ ರೀಫ್ ಗಣಿಯ ಆಳವು ಮೂರು ಕಿಲೋಮೀಟರುಗಳನ್ನೂ ಮೀರಿತು. ಆ ಪಾತಾಳದ ಬೇಗೆಯಲ್ಲಿ ದುಡಿದು ಮೇಲಕ್ಕೆ ಬಂದ ಕೂಲಿಗಾರನು ಕುಡಿದರೆ ಅದು ಕೀಳುತನವೆನಿಸಿತು. ಗಣಿಯು ೨೦೦೧ನೆಯ ಫೆಬ್ರವರಿಯಲ್ಲಿ ಮುಚ್ಚಿಹೋಯಿತು. ಈ ಎರಡು ಬಗೆಯ ಅಳತೆಗೋಲು ಮಾತ್ರ ಉಳಿಯಿತು. ಕರ್ನಾಟಕದಲ್ಲಿ ೨೦೦೭ನೆಯ ಜುಲೈ ಮೊದಲನೆಯ ತಾರೀಖಿನಿಂದ ಬಡವನ ಸಾರಾಯಿಯು ನಿಷಿದ್ಧವಾಯಿತು. ಚೀಟಿ ಅಂಟಿಸಿದ ಸೀಸೆಗಳಿಗೆ ಯಾವ ತಡೆಯೂ ಬರಲಿಲ್ಲ. ಆದಕಾರಣ ಮದ್ಯದ ವಿಷಯದಲ್ಲಿ ಉಪದೇಶ ಮಾಡಹೊರಟವನು ತನ್ನ ಮಾತಿನಲ್ಲಿ ಜಾತಿಯ ಹೆಮ್ಮೆಯಾಗಲಿ ಹಣದ ಹೆಮ್ಮೆಯಾಗಲಿ ಸೇರಿದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳತಕ್ಕದ್ದು.

ಐದನೆಯ ವಾದವು ಕಾನೂನಿನದು. ಸರ್ಕಾರವು ಮಾರಲು ಅನುಮತಿಯಿತ್ತಿರುವ ವಸ್ತುವನ್ನು ಬಡಿಸಿದರೆ ತಪ್ಪೇನು?

ಪೂರ್ವಪಕ್ಷವು ಹೀಗಿದೆ. ಇನ್ನು ಒಂದೊಂದನ್ನೇ ವಿಚಾರಿಸೋಣ. ಕಡೆಯದನ್ನು ಮೊದಲು ತೆಗೆದುಕೊಳ್ಳುವುದು ಸುಲಭ. ಕಾನೂನಿನ ಅನುಮತಿಯು ಧರ್ಮದ ಆಜ್ಞೆಯಲ್ಲ. ಅಲ್ಲದೆ ಕಾನೂನು ಈ ವಿಷಯದಲ್ಲಿ ಒಂದೇ ಕಡೆ ನಿಂತದ್ದೂ ಇಲ್ಲ. ನಮ್ಮ ಕ್ಯಾಸಂಬಳ್ಳಿಯಲ್ಲಿಯೇ ಹುಟ್ಟಿದ ಚೆಂಗಲರಾಯರೆಡ್ಡಿಯವರು ೧೯೪೭ನೆಯ ಅಕ್ಟೋಬರಿನಲ್ಲಿ ಮೈಸೂರಿನ ಮೊದಲನೆಯ ಮುಖ್ಯಮಂತ್ರಿಗಳಾದರು. ಅವರ ಆಡಳಿತದ ಕಾಲದಲ್ಲಿ, ೧೯೪೮ರಲ್ಲಿ, ಮೈಸೂರು ಸಂಸ್ಥಾನದ ಪಾನನಿರೋಧ ಶಾಸನವು ಹೊರಟಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೪೭ನೆಯ ವಿಧಿಯು ಮಾದಕಪಾನೀಯಗಳ ನಿಷೇಧಕ್ಕೆ ರಾಜ್ಯವು ಯತ್ನಿಸಬೇಕೆಂದು ಹೇಳುತ್ತದೆ. ಆದರೂ ೧೯೬೦ನೆಯ ದಶಕದಲ್ಲಿಯೇ ನಮ್ಮ ರಾಜ್ಯದಲ್ಲಿ ಆ ನಿಷೇಧವು ಕೊನೆಗೊಂಡಿತು. ಗುಜರಾತಿನಲ್ಲಿ ಒಂದು ನಿಯಮ, ೨೦೧೬ರಿಂದ ಬಿಹಾರದಲ್ಲಿ ಒಂದು ನಿಯಮ, ನಮ್ಮಲ್ಲಿ ಇನ್ನೊಂದು. ಸರ್ಕಾರದ ಬೊಕ್ಕಸಕ್ಕೆ ಅಬಕಾರಿಯ ಆದಾಯವೂ ಬೇಕು, ಬಾಯಿಗೆ ನಿಷೇಧದ ಆದರ್ಶವೂ ಬೇಕು. ಹೀಗೆ ತೂಗಾಡುವ ಕೊಂಬೆಯನ್ನು ಹಿಡಿದು ಗೃಹಸ್ಥನು ತನ್ನ ಕರ್ತವ್ಯವನ್ನು ನಿಶ್ಚಯಿಸಲಾರನು.

ಆತಿಥ್ಯದ ವಾದಕ್ಕೆ ಬರೋಣ. ಸಜ್ಜನರ ಮನೆಯಲ್ಲಿ ಅತಿಥಿಗೆ ಎಂದಿಗೂ ಕೊರತೆಯಾಗದ ವಸ್ತುಗಳನ್ನು ಮನುವು ಎಣಿಸಿದ್ದಾನೆ: ಕೂರಲು ಹುಲ್ಲಿನ ಹಾಸು, ತಂಗಲು ಸ್ಥಳ, ನೀರು, ಒಳ್ಳೆಯ ಮಾತು. ಈ ಪಟ್ಟಿಯ ವಿಶೇಷವೇನೆಂದರೆ ಕಡುಬಡವನೂ ಇದನ್ನು ನೆರವೇರಿಸಬಲ್ಲನು. ಆತಿಥ್ಯವು ಸಾಲ ಮಾಡಿಸುವ ಧರ್ಮವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಬೀಗರೂಟದ ಮದ್ಯವಾದರೋ ಬೇರೆ ಜಾತಿಯದು. ನಮ್ಮಲ್ಲಿ ಮುಯ್ಯಿಯ ಪದ್ಧತಿಯುಂಟಷ್ಟೆ. ಒಬ್ಬರ ಮನೆಯಲ್ಲಿ ಉಂಡುದನ್ನು, ಪಡೆದುದನ್ನು, ನಾಳೆ ನಮ್ಮ ಮನೆಯಲ್ಲಿ ತೀರಿಸಬೇಕು. ಉಳ್ಳವನು ತನ್ನ ಮಗನ ಮದುವೆಯಲ್ಲಿ ಪೆಟ್ಟಿಗೆಗಟ್ಟಲೆ ಸೀಸೆಗಳನ್ನು ಇಳಿಸಿದರೆ, ಇಲ್ಲದವನು ತನ್ನ ಮಗಳ ಮದುವೆಯಲ್ಲಿ ಅದನ್ನೇ ಮಾಡಬೇಕಾಗುತ್ತದೆ. ಮೊದಲನೆಯವನಿಗೆ ಅದು ಔದಾರ್ಯ, ಎರಡನೆಯವನಿಗೆ ಕಂದಾಯ. ತನ್ನ ಔದಾರ್ಯವು ನೆರೆಯವನ ಮೇಲೆ ಕಂದಾಯವಾಗಿ ಬೀಳುವುದೆಂದು ತಿಳಿದವನು ಕೈಯನ್ನು ಸ್ವಲ್ಪ ಹಿಡಿಯಬೇಕಾದುದು ನ್ಯಾಯ.

ಪ್ರಿಯವಾದುದನ್ನು ಕೊಡಬೇಕೆಂಬ ಮಾತೂ ವಿಚಾರಾರ್ಹ. ಕಠೋಪನಿಷತ್ತು ಪ್ರೇಯಸ್ಸು ಬೇರೆ, ಶ್ರೇಯಸ್ಸು ಬೇರೆ ಎಂದು ವಿಂಗಡಿಸಿತು. ಇದನ್ನು ತಿಳಿಯಲು ಉಪನಿಷತ್ತಿನವರೆಗೆ ಹೋಗಬೇಕಾದುದೂ ಇಲ್ಲ. ಇಂದಿನ ಯಾವ ಮದುವೆಮನೆಯಲ್ಲಿಯಾದರೂ ನೋಡಿ: ಹಿರಿಯರಾದ ಬೀಗರಿಗೆ ಕಾಫಿ ಕೊಡುವ ಮುನ್ನ, “ಸಕ್ಕರೆ ಹಾಕಬಹುದೇ?” ಎಂದು ಮನೆಯಾಕೆಯು ಕೇಳುತ್ತಾಳೆ. ಸಕ್ಕರೆ ಕಾಯಿಲೆಯವರಿಗೆಂದು ಬೇರೆ ಲೋಟವನ್ನೇ ಇಡುತ್ತಾಳೆ. ಸಿಹಿಯನ್ನು ತಡೆದಳೆಂದು ಯಾರೂ ಮುನಿಯುವುದಿಲ್ಲ. ಎಷ್ಟು ವಿಚಾರವುಳ್ಳವಳು ಎಂದು ಮೆಚ್ಚುತ್ತಾರೆ. ಅದೇ ಚಪ್ಪರದ ಇನ್ನೊಂದು ಮೂಲೆಯಲ್ಲಿ ಗಂಡಸರು ಲೋಟಗಳಿಗೆ ಸುರಿಯುವಾಗ, ಈತನ ಈಲಿಯ ಗತಿಯೇನು, ಈತನು ರಾತ್ರಿ ಹೇಗೆ ಮನೆ ಸೇರುತ್ತಾನೆ, ಇವನು ಬಿಟ್ಟವನಲ್ಲವೆ ಎಂದು ಕೇಳುವವರು ಒಬ್ಬರೂ ಇಲ್ಲ. ಕಾಫಿಯ ವಿಷಯದಲ್ಲಿ ಇರುವ ವಿವೇಕವು ಮದ್ಯದ ವಿಷಯದಲ್ಲಿ ಏಕೆ ಮಾಯವಾಗಬೇಕು? ಅತಿಥಿಯ ಹಿತವನ್ನು ಕೇಳದೆ ಅವನ ಇಷ್ಟವನ್ನು ಮಾತ್ರ ಪೂರೈಸುವುದು ಅಂಗಡಿಯವನ ಧರ್ಮ. ಅದು ಮನೆಯವನ ಧರ್ಮವಲ್ಲ.

ಇನ್ನು ಸಂಪ್ರದಾಯ. ಹಿಂದೆ ಕೊಟ್ಟರು, ನಿಜ. ಹೇಗೆ ಕೊಟ್ಟರು, ಕೊಟ್ಟ ಮೇಲೆ ಏನಾಯಿತು ಎಂಬುದನ್ನೂ ಅದೇ ಗ್ರಂಥಗಳಲ್ಲಿ ಓದಬೇಕು. ಭರದ್ವಾಜನ ಆತಿಥ್ಯವನ್ನು ಉಂಡ ಸೈನಿಕರು ಅಮಲೇರಿ, ನಾವು ಅಯೋಧ್ಯೆಗೂ ಹೋಗೆವು, ದಂಡಕಾರಣ್ಯಕ್ಕೂ ಹೋಗೆವು. ಭರತನು ಕ್ಷೇಮವಾಗಿರಲಿ, ರಾಮನು ಸುಖವಾಗಿರಲಿ ಎಂದು ಕೂಗಿದರಂತೆ. ರಾಮನನ್ನು ಕರೆತರಲೆಂದು ಹೊರಟ ಜನರು ಹೊರಟ ಕಾರ್ಯವನ್ನೇ ಮರೆತರು! ಅದೇ ರಾತ್ರಿ ಅದೇ ಆತಿಥ್ಯದ ನಡುವೆ ಭರತನು ತನಗಾಗಿ ಸಿದ್ಧವಾಗಿದ್ದ ರಾಜಾಸನವನ್ನು ರಾಮನದೆಂದು ಭಾವಿಸಿ ವಂದಿಸಿ, ತಾನು ಮಂತ್ರಿಯ ಆಸನದಲ್ಲಿ ಕುಳಿತನು. ಕವಿಯು ಎರಡನ್ನೂ ಒಂದೇ ಸರ್ಗದಲ್ಲಿ ತೋರಿಸಿ ಸುಮ್ಮನಾಗಿದ್ದಾನೆ. ಮದುವೆಗೆ ಬಂದವರು ವಧೂವರರನ್ನು ಹರಸಲು ಬಂದವರು. ಹರಸಲು ಬಂದ ಬಾಯಿಗೆ ಆ ನೆನಪು ಉಳಿಯುವಂತೆ ನೋಡಿಕೊಳ್ಳುವುದೂ ಕರೆದವನ ಕೆಲಸವಲ್ಲವೆ?

ಕೌಟಿಲ್ಯನ ಸಾಕ್ಷ್ಯವು ಇನ್ನೂ ಸ್ವಾರಸ್ಯವಾದುದು. ಆ ಗ್ರಂಥವನ್ನು ೧೯೦೯ರಲ್ಲಿ ಮೊದಲು ಅಚ್ಚುಮಾಡಿ ಲೋಕಕ್ಕೆ ಕೊಟ್ಟವರು ನಮ್ಮ ಮೈಸೂರಿನ ಪ್ರಾಚ್ಯಪುಸ್ತಕಶಾಲೆಯ ಪಂಡಿತ ಶಾಮಶಾಸ್ತ್ರಿಗಳು. ಅದರ ಸುರಾಧ್ಯಕ್ಷಪ್ರಕರಣದಲ್ಲಿ ಅನುಮತಿಗಿಂತ ಕಟ್ಟಳೆಗಳೇ ಹೆಚ್ಚು. ನಡತೆ ಶುದ್ಧವಾದುದೆಂದು ತಿಳಿದವರಿಗೆ ಮಾತ್ರ, ಅಳತೆಗೊಳಪಟ್ಟ ಅಲ್ಪಪ್ರಮಾಣದ ಸುರೆಯನ್ನು ಹೊರಕ್ಕೆ ಒಯ್ಯಲು ಬಿಡಬೇಕು. ಆದಾಯಕ್ಕೆ ಮೀರಿ ವೆಚ್ಚ ಮಾಡುವವರನ್ನು ಗಮನಿಸಬೇಕು. ಇವೆಲ್ಲಕ್ಕಿಂತಲೂ ಮುಖ್ಯವಾದ ನಿಯಮ ಮತ್ತೊಂದಿದೆ. ಪಾನಗೃಹದಲ್ಲಿ ಅಮಲೇರಿ ಮಲಗಿದವರ ಒಡವೆ, ಬಟ್ಟೆ, ಹಣಗಳು ಕಳೆದುಹೋದರೆ, ಅದನ್ನು ಮದ್ಯ ಮಾರಿದ ವರ್ತಕನೇ ತುಂಬಿಕೊಡಬೇಕು. ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು. ಕುಡಿದವನು ಎಚ್ಚರ ತಪ್ಪಿದುದರಿಂದ ಅವನ ಎಚ್ಚರದ ಭಾರವು ಕೊಟ್ಟವನ ಮೇಲೆ ಬಿತ್ತೆಂಬುದೇ ಇದರ ತಾತ್ಪರ್ಯ. ಹಣಕ್ಕೆ ಮಾರಿದವನಿಗೇ ಈ ಹೊಣೆಯಾದರೆ, ಪ್ರೀತಿಯಿಂದ ಕೊಟ್ಟವನಿಗೆ ಎಷ್ಟರದಿರಬೇಕು? ಸಂಪ್ರದಾಯವನ್ನು ಹಿಡಿಯುವವರು ಅನುಮತಿಯ ಅರ್ಧವನ್ನು ಮಾತ್ರ ಹಿಡಿದು ಹೊಣೆಯ ಅರ್ಧವನ್ನು ಬಿಡುವುದು ನ್ಯಾಯವಲ್ಲ.

ಕೊಟ್ಟವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಕ್ರಮವು ಒಂದೇ ಗ್ರಂಥದ್ದಲ್ಲ. ಮನುವು ಮಾಂಸದ ಪ್ರಕರಣದಲ್ಲಿ ಅನುಮತಿಸುವವನು, ಕೊಲ್ಲುವವನು, ಮಾರುವವನು, ಅಟ್ಟವನು, ಉಂಡವನು ಎಲ್ಲರೂ ಭಾಗಿಗಳೆಂದು ಹೇಳುವಾಗ ಬಡಿಸುವವನನ್ನೂ ಮರೆಯದೆ ಸೇರಿಸಿದ್ದಾನೆ. ಮಾಂಸದ ವಿಚಾರವು ನಮಗೆ ಇಲ್ಲಿ ಅಪ್ರಸ್ತುತ. ಎಣಿಕೆಯ ಕ್ರಮವು ಮಾತ್ರ ಗಮನಾರ್ಹ. ಬುದ್ಧನು ಉಪಾಸಕರಿಗೆ ಕುಡಿಯಬೇಡಿರೆಂದು ಹೇಳಿದ್ದು ಮಾತ್ರವಲ್ಲ, ಮದ್ಯದ ವ್ಯಾಪಾರವನ್ನೂ ಬಿಡಬೇಕೆಂದನು. ಇಸ್ಲಾಮಿನ ಪರಂಪರೆಯಲ್ಲಿ ಕುಡಿಯುವವನೊಡನೆ ಹಿಂಡುವವನು, ಹೊರುವವನು, ಸುರಿದು ಕೊಡುವವನು ಎಲ್ಲರೂ ದೋಷಭಾಗಿಗಳೆಂದು ಹೇಳಿದೆ. ಬೇರೆ ಬೇರೆ ಮತಗಳವರು ಒಂದೇ ಮಾತಿಗೆ ಬಂದು ಸೇರಿದಾಗ ಅದರಲ್ಲಿ ಲೋಕಾನುಭವದ ಸತ್ಯವಿದೆಯೆಂದು ತಿಳಿಯಬಹುದು.

ಇಂದಿನ ನ್ಯಾಯಸ್ಥಾನಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಅತ್ಯುನ್ನತ ನ್ಯಾಯಾಲಯವು ೧೯೮೪ರಲ್ಲಿ, ಅತಿಥಿಗೆ ಅಮಲೇರಿದೆಯೆಂದೂ ಅವನು ವಾಹನ ನಡೆಸುವನೆಂದೂ ತಿಳಿದು ಮತ್ತೆ ಕೊಟ್ಟ ಆತಿಥೇಯನು, ಆ ಅತಿಥಿಯಿಂದ ದಾರಿಯಲ್ಲಿ ಗಾಯಗೊಂಡವರಿಗೆ ಉತ್ತರವಾದಿಯೆಂದು ತೀರ್ಪಿತ್ತಿತು. ಕೆನಡಾದ ಸುಪ್ರೀಂ ಕೋರ್ಟು ೨೦೦೬ರಲ್ಲಿ, ಔತಣವನ್ನು ಏರ್ಪಡಿಸಿದ ಮಾತ್ರಕ್ಕೆ ಮನೆಯವನ ಮೇಲೆ ಅಂಥ ಹೊಣೆ ಬೀಳದೆಂದಿತು. ಆ ಮೊಕದ್ದಮೆಯಲ್ಲಿ ಅತಿಥಿಗಳು ತಮ್ಮ ಮದ್ಯವನ್ನು ತಾವೇ ತಂದಿದ್ದರೆಂಬುದನ್ನು ಗಮನಿಸಬೇಕು. ಎರಡು ತೀರ್ಪುಗಳು ಭಿನ್ನವಾದರೂ ಒಂದು ಎಳೆಯು ಅವುಗಳಲ್ಲಿ ಕಾಣುತ್ತದೆ: ಯಾರ ಕೈ ಸುರಿಯಿತು, ಆ ಕೈಗೆ ಏನು ತಿಳಿದಿತ್ತು ಎಂಬುದು ಮುಖ್ಯ. ನ್ಯಾಯಾಲಯವು ಅಪಾಯವಾದ ಮೇಲೆ ಕೇಳುವ ಈ ಪ್ರಶ್ನೆಯನ್ನು ಧರ್ಮವು ಸುರಿಯುವ ಮುನ್ನ ಕೇಳುತ್ತದೆ.

ಇದರಿಂದ ಸ್ವಾತಂತ್ರ್ಯದ ವಾದಕ್ಕೂ ಉತ್ತರ ದೊರೆಯಿತು. ಒಬ್ಬನು ತನ್ನ ಹಣದಿಂದ ತನ್ನ ಮನೆಯಲ್ಲಿ ಕುಡಿದರೆ ಅದು ಅವನ ವಿಚಾರ. ನಾನು ಕರೆದು, ನನ್ನ ಚಪ್ಪರದಲ್ಲಿ ಕೂರಿಸಿ, ನನ್ನ ಕೈಯಿಂದ ಸುರಿದ ಮೇಲೆ ಅದು ಅವನೊಬ್ಬನ ವಿಚಾರವಾಗಿ ಉಳಿಯುವುದಿಲ್ಲ. ಅಲ್ಲದೆ ಮದುವೆಮನೆಯ ಸ್ವಾತಂತ್ರ್ಯವು ಎಂಥದು? ನಮ್ಮ ನಾಡಿನ ಉಪಚಾರದ ಪ್ರಾಣವೇ ಬಲವಂತ. ಒಬ್ಬಟ್ಟನ್ನು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವನಿಗೂ ಇನ್ನೊಂದನ್ನು ಬಡಿಸಿ ತುಪ್ಪ ಹಾಕದಿದ್ದರೆ ನಮಗೆ ತೃಪ್ತಿಯಿಲ್ಲ. ಆ ಅಭ್ಯಾಸವೇ ಲೋಟದ ಕಡೆಗೂ ಹರಿಯುತ್ತದೆ: “ನನ್ನ ಮಗನ ಮದುವೆ, ಒಂದೇ ಒಂದು, ನನಗೋಸ್ಕರ” ಎಂದು. ಕಾಲೇಜಿನ ಹುಡುಗನು ಮೊದಲ ಗುಟುಕನ್ನು ಕುಡಿಯುವುದು ಅನೇಕ ವೇಳೆ ಹೆಂಡದಂಗಡಿಯಲ್ಲಲ್ಲ. ಇಂಥ ಔತಣದಲ್ಲಿ, ಚಿಕ್ಕಪ್ಪನ ಅಥವಾ ಸೋದರಮಾವನ ಕೈಯಿಂದ. ವರ್ಷಗಟ್ಟಲೆ ವ್ರತದಂತೆ ಬಿಟ್ಟವನು ಮತ್ತೆ ಹಿಡಿಯುವುದೂ ಇಂಥ ಸಂಭ್ರಮದಲ್ಲಿಯೇ. ಇವರ ಸಂಕಲ್ಪವನ್ನು ನಾಲ್ಕು ಜನರ ನಗೆಯಿಂದ ಮುರಿದು, ಬಳಿಕ ಅವರ ಇಷ್ಟದಿಂದ ಕುಡಿದರೆಂದು ಹೇಳುವುದು ಸತ್ಯವಾಗದು.

ಆಗುವ ಹಾನಿಯಾದರೂ ಅಲ್ಪವೆ? ವಿಶ್ವ ಆರೋಗ್ಯ ಸಂಸ್ಥೆಯ ೨೦೨೪ರ ವರದಿಯಂತೆ ೨೦೧೯ನೆಯ ಒಂದೇ ವರ್ಷದಲ್ಲಿ ಮದ್ಯದ ಕಾರಣದಿಂದ ಲೋಕದಲ್ಲಿ ಸುಮಾರು ೨೬ ಲಕ್ಷ ಜನರು ಮರಣ ಹೊಂದಿದರು. ನಮ್ಮ ದೇಶದ ೧೯೮೮ರ ಮೋಟಾರು ವಾಹನ ಕಾಯಿದೆಯು ನೂರು ಮಿಲಿಲೀಟರು ರಕ್ತದಲ್ಲಿ ೩೦ ಮಿಲಿಗ್ರಾಮಿಗೆ ಮೀರಿ ಮದ್ಯಾಂಶವಿರುವವನು ವಾಹನ ನಡೆಸುವುದನ್ನು ಅಪರಾಧವೆಂದು ವಿಧಿಸಿದೆ. ಭರತನ ಸೈನಿಕರು ಅಮಲಿಳಿದ ಮೇಲೆ ಮರುದಿನ ನಾಯಕನ ಆಜ್ಞೆಯಂತೆ ಹೊರಟರು. ನಮ್ಮ ಬೀಗರೂಟದಿಂದ ಹೊರಡುವ ಹುಡುಗರಾದರೋ ಕತ್ತಲಲ್ಲಿ, ಒಂದು ಮೋಟಾರು ಸೈಕಲ್ಲಿನ ಮೇಲೆ ಮೂವರಂತೆ, ಹಳ್ಳಿಯ ತಿರುವುಗಳಲ್ಲಿ ಹೊರಡುತ್ತಾರೆ. ಅವರನ್ನು ಬಾಗಿಲಿನವರೆಗೆ ಕಳುಹಿಸಿ ಎಲೆ ಅಡಿಕೆ ಕೊಟ್ಟ ಮಾತ್ರಕ್ಕೆ ಆತಿಥ್ಯವು ಮುಗಿಯಿತೆ?

ಉಳಿದುದು ನಾಲ್ಕನೆಯ ವಾದ: ಕೊಡದಿದ್ದರೆ ಮರೆಯಲ್ಲಿ ಕುಡಿಯುತ್ತಾರೆ ಎಂಬುದು. ಕುಡಿಯಬಹುದು. ಅವರ ಬೆನ್ನು ಹತ್ತಿ ಹೋಗಿ ಅವಮಾನ ಮಾಡುವುದು ಕರೆದವನ ಕೆಲಸವಲ್ಲ. ಆದರೆ ಇತರರು ಮಾಡಿಯೇ ಮಾಡುವರೆಂಬುದು ನಾನೇ ಮಾಡುವುದಕ್ಕೆ ಕಾರಣವಾಗಲಾರದು. ಮುಂದೆ ಎಲ್ಲರಿಗೂ ಪಾನಕವನ್ನು ಹಂಚಿ, ಹಿಂದೆ ಅಡಿಗೆಯ ಶೆಡ್ಡಿನ ಮರೆಯಲ್ಲೋ ಕಾರಿನ ಡಿಕ್ಕಿಯಲ್ಲೋ ಸೀಸೆಗಳನ್ನು ಇಡಿಸುವ ಮನೆಗಳೂ ಉಂಟು. ಅಹಂಕಾರದ ಆಕ್ಷೇಪವು ನಿಜವಾಗಿ ಸಲ್ಲುವುದು ಅವರಿಗೆ. ಅಲ್ಲಿ ಕುಡಿತದ ಹಾನಿಯೆಲ್ಲವೂ ಉಂಟು, ಬಹಿರಂಗದ ಮಿತಿ ಮಾತ್ರ ಇಲ್ಲ. ಹೆಂಗಸರ ಕಣ್ಣಿಗೆ ಮರೆಯಾಗಿರಲೆಂದು ಮಾಡಿದ ಏರ್ಪಾಡು ಹೆಂಗಸರಿಗೆ ತಿಳಿಯದೆ ಇರುವುದೂ ಇಲ್ಲ. ರಾತ್ರಿಯ ಫಲವನ್ನು ಅನುಭವಿಸುವವರು ಅವರೇ ತಾನೆ. ಬೀಗರೂಟಕ್ಕೆ ಮದ್ಯ ಬೇಕೆ ಬೇಡವೆ ಎಂಬ ಮಾತುಕತೆಯಲ್ಲಿ ಮನೆಯ ಹೆಂಗಸರನ್ನು ಯಾರೂ ಕೇಳುವುದಿಲ್ಲವೆಂಬುದೇ ಈ ಪದ್ಧತಿಯ ದೊಡ್ಡ ಊನವೆಂದು ನನ್ನ ಅಭಿಪ್ರಾಯ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದುದು ಹೆಚ್ಚೇನಲ್ಲ. “ಇಲ್ಲವೆನ್ನುವುದಾದರೆ ಊಟದ ದಿನ ಹೇಳಬೇಡ, ಈಗಲೇ ಹೋಗಿ ಹೇಳು. ಕುಡಿಯುವವರು ಕೆಟ್ಟವರೆಂದು ಹೇಳಬೇಡ. ನನ್ನ ಕೈಯಿಂದ ಸುರಿದರೆ ನಾನು ಉಳಿಯುವುದಿಲ್ಲ ಎಂದು ಇದ್ದುದನ್ನೇ ಹೇಳು. ಊಟದಲ್ಲಿ ಮಾತ್ರ ಕೊರತೆ ಮಾಡಬೇಡ” ಎಂದೆ. ಅವನು ಹೆಂಡತಿಯನ್ನೂ ಕರೆದುಕೊಂಡು ಹೋಗಿ ಹಾಗೆಯೇ ಹೇಳಿ ಬಂದನು. ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. ಬೀಗರ ಕಡೆಯ ಹಿರಿಯರೊಬ್ಬರು ಬರಲೇ ಇಲ್ಲ. ಕೆಲವರು ಪೇಟೆಗೆ ಹೋಗಿ ತಡವಾಗಿ ಬಂದು ಉಂಡರು. ಒಂದೆರಡು ಚುಚ್ಚುಮಾತುಗಳು ಹುಡುಗಿಯ ಕಿವಿಗೂ ಬಿದ್ದುವು. ಉಳಿದವರು ಹೊಟ್ಟೆ ತುಂಬ ಉಂಡು ಹರಸಿ ಹೋದರು. ಧರ್ಮಕ್ಕೆ ಬೆಲೆ ತೆರಬೇಕಾಗುತ್ತದೆ. ಬೆಲೆಯೇ ಇಲ್ಲವೆಂದು ಉಪದೇಶಿಸುವವನು ಕೇಳುವವನನ್ನು ವಂಚಿಸಿದಂತೆಯೇ ಸರಿ. ಆದರೆ ಅವನು ತೆತ್ತ ಬೆಲೆಯು ತೆರದಿದ್ದರೆ ಆಗಬಹುದಾಗಿದ್ದ ನಷ್ಟಕ್ಕಿಂತ ಕಡಮೆಯಾದುದೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ನಿರ್ಣಯವೇನು? ಕೊಡುವುದು ಸರ್ವಥಾ ನಿಷಿದ್ಧವೆಂದು ಎಲ್ಲ ಕುಲಗಳಿಗೂ ಒಂದೇ ಕಟ್ಟಳೆಯನ್ನು ಹಾಕುವ ಅಧಿಕಾರವು ನನಗಿಲ್ಲ. ಕೊಡಲೊಲ್ಲದ ಗೃಹಸ್ಥನು ಅತಿಥಿಧರ್ಮಕ್ಕೆ ಸ್ವಲ್ಪವೂ ಚ್ಯುತಿ ತಂದವನಲ್ಲ. ಅವನು ಮೊದಲೇ ತಿಳಿಸಬೇಕು, ತಿರಸ್ಕಾರವಿಲ್ಲದೆ ತಿಳಿಸಬೇಕು. ಕುಲಾಚಾರವೆಂದು ಕೊಡುವವನಾದರೆ ಬಹಿರಂಗವಾಗಿ, ಊಟದೊಡನೆ, ಮಿತಿಯಲ್ಲಿ ಕೊಡಲಿ, ಹುಡುಗರಿಗೆ ಕೊಡದಿರಲಿ, ಬೇಡವೆಂದವನನ್ನು ಎರಡನೆಯ ಸಲ ಕೇಳದಿರಲಿ, ಸಾಲ ಮಾಡಿ ಕೊಡದಿರಲಿ, ಕುಡಿದವನ ಕೈಗೆ ವಾಹನದ ಬೀಗದ ಕೈಯನ್ನು ಕೊಡದೆ ಅವನಿಗೆ ಮಲಗಲು ಚಾಪೆಯನ್ನೋ ಮನೆ ಸೇರಲು ಜೊತೆಯನ್ನೋ ಒದಗಿಸಲಿ. ಇದಕ್ಕೆಲ್ಲ ಯಜಮಾನನು ಎಚ್ಚರವಾಗಿರಬೇಕಾದುದರಿಂದ ಅವನು ಮಾತ್ರ ಅಂದು ಕುಡಿಯುವಂತಿಲ್ಲ. ಕಟ್ಟಕಡೆಯ ಅತಿಥಿಯು ತನ್ನ ಮನೆಯ ಕದವನ್ನು ತಟ್ಟುವವರೆಗೂ ಆತನ ಔತಣವು ನಡೆಯುತ್ತಲೇ ಇರುತ್ತದೆ.

ಈ ಹೊಣೆಯನ್ನು ಲೆಕ್ಕ ಹಾಕಿದರೆ ಬಹುಮಂದಿಗೆ ಪಾನಕವೇ ಸುಲಭವೆಂದು ತೋರಬಹುದು. ತೋರಿದರೆ ಒಳ್ಳೆಯದೇ. ತೋರದವರು ಹೊಣೆಯನ್ನಾದರೂ ಪೂರ್ತಿಯಾ ಹೊರಲಿ. ಅನ್ನವಾಗಲಿ ನೀರಾಗಲಿ ಮದ್ಯವಾಗಲಿ, ಬಡಿಸಿದ ಕೈಗೆ ಬಡಿಸಿದುದರ ಋಣವು ಅಂಟಿಯೇ ಇರುತ್ತದೆ.